ಮಾತಾಡುವಷ್ಟು ವೇಗ

ಚೀಟಿಯಲ್ಲಿ ಡಾಕ್ಟರಮ್ಮ ಬರೆದದ್ದು ಮಾತ್ರೆಯ ಹೆಸರಲ್ಲ, ಒಂದು ಅಂಕಿ:
ನೂರ ಮೂವತ್ತು.
"ಇದರ ಮೇಲೆ ಹತ್ತಿಸಬೇಡಿ, ಎಲಿಯೇಸೆರ್.
ವಾಚಿನ ಮೇಲೆ ನಂಬಿಕೆಯಿಲ್ಲವೋ, ಮಾತಾಡಿ ನೋಡಿ.
ವಾಕ್ಯ ಇಡಿಯಾಗಿ ಬಂದರೆ ಸರಿ,
ತುಂಡಾಗಿ ಬಿದ್ದರೆ ಗೇರು ಇಳಿಸಿ."

ಮೂವತ್ತೊಂದು ವರ್ಷ ಲಿಫ್ಟು ರಿಪೇರಿ ಮಾಡಿದವನು ನಾನು.
ಪ್ರತಿ ಪೆಟ್ಟಿಗೆಯ ಒಳಗೂ ಒಂದು ಹಿತ್ತಾಳೆ ಫಲಕ:
ಎಂಟು ಜನ, ಆರುನೂರು ಕಿಲೋ.
ಐವತ್ತೆಂಟಕ್ಕೆ ನನಗೂ ಹೊಡೆದರಲ್ಲ ಫಲಕ, ಮೊಳೆಯಿಲ್ಲದೆ,
ಅಂದುಕೊಂಡು ಎದೆಗೆ ಪಟ್ಟಿ ಬಿಗಿದೆ.
ತಣ್ಣನೆ ರಬ್ಬರು. ನೀರು ಹಚ್ಚಿ ಒದ್ದೆ ಮಾಡದಿದ್ದರೆ
ಅದರ ಲೆಕ್ಕದಲ್ಲಿ ನಾನು ಸತ್ತವನೇ.

ಭಾನುವಾರ ಆರಕ್ಕೆ, ಬೊಗೊಟಾ ಇನ್ನೂ ಮಂಜಿನ ಮುಸುಕೊಳಗೆ.
ಏಳನೇ ರಸ್ತೆಯ ಮೂಲೆಯಲ್ಲಿ ಒವಿದಿಯೊ.
ಹನ್ನೊಂದು ವರ್ಷದಿಂದ ಅದೇ ಮೂಲೆ, ಅದೇ ಹಳದಿ ಕೈಗವಸು,
ಎಡ ಹೆಬ್ಬೆರಳಲ್ಲಿ ತೂತು.
ಅಲ್ಲಿಂದ ಪಾತಿಯೋಸಿನ ಟೋಲ್ ಗೇಟಿಗೆ ಆರೂವರೆ ಕಿಲೋಮೀಟರು,
ಹೆಚ್ಚುಕಡಿಮೆ ಬರೀ ಏರು.

ಹನ್ನೊಂದು ವರ್ಷ ಹತ್ತಿದ್ದು ಹೇಗೆ?
ಹಲ್ಲು ಕಚ್ಚಿ. ಕಮ್ಮಾರನ ತಿದಿಗಳೆರಡು ಪಕ್ಕಪಕ್ಕ.
ಮೊದಲೇ ಗಾಳಿ ತೆಳು, ಮುಗಿಲಿಗೆ ಹತ್ತಿರದ ಈ ಊರಲ್ಲಿ;
ಇದ್ದಷ್ಟನ್ನು ಮಾತಿಗೆ ಪೋಲು ಮಾಡುವ ದಡ್ಡ ಯಾರು?
"ತಿರುವು."
"ಬಸ್ಸು."
"ಹೂಂ."
ಇಷ್ಟೇ ನಮ್ಮ ಸ್ನೇಹದ ನಿಘಂಟು.
ಎದೆ ಡಬಡಬ ಹೊಡೆದುಕೊಳ್ಳುವಾಗ
ಅವನ ಬಗ್ಗೆ ನನಗೆ ಎಲ್ಲ ಗೊತ್ತಿತ್ತು:
ಎಲ್ಲಿ ಸೀಟು ಬಿಟ್ಟು ಏಳುತ್ತಾನೆ, ಎಲ್ಲಿ ಕಳ್ಳಾಟ ಆಡುತ್ತಾನೆ,
ಯಾವ ತಿರುವಿನಲ್ಲಿ ಉಗುಳುತ್ತಾನೆ.

ಈಗ ನೂರ ಇಪ್ಪತ್ತಾರು.
ಗುಲಾಬಿ ಹೆಲ್ಮೆಟ್ಟಿನ ಹುಡುಗಿ ದಾಟಿದಳು.
ರೊಟ್ಟಿ ಬುಟ್ಟಿ ಕಟ್ಟಿಕೊಂಡ ಬೇಕರಿಯವನೂ ದಾಟಿದ,
ಅಯ್ಯೋ ಪಾಪ ಎನ್ನುವ ರಾಗದಲ್ಲಿ ನಮಸ್ಕಾರ ಹೇಳಿ.
ಮುಂದಿದ್ದ ಒವಿದಿಯೊ ನಿಧಾನಿಸಿ ಪಕ್ಕಕ್ಕೆ ಬಂದ.
"ಮಾತಾಡು. ಡಾಕ್ಟರಪ್ಪಣೆ."
ಏನಂತ ಆಡಲಿ? ಚಳಿ. ಚೈನು. ಮೊಳಕಾಲು.
ಮೂರನೇ ಕಿಲೋಮೀಟರಿಗೆ ಸರಕು ಖಾಲಿ.
ನೀಲಗಿರಿ ಮರಗಳ ನಡುವೆ, ಕೆಳಗೆ ಊರು
ಮೆಲ್ಲಗೆ ಇಟ್ಟಿಗೆ ಬಣ್ಣಕ್ಕೆ ತಿರುಗುವಾಗ
ಸುಮ್ಮನೆ ಕೇಳಿದೆ: "ಮಾರ್ಲೆನಿ ಹೇಗಿದ್ದಾಳೆ?"

ಅವನ ಪೆಡಲು ಅರ್ಧ ಸುತ್ತು ತಪ್ಪಿತು.
"ಹೋದ ವರ್ಷ ಫೆಬ್ರವರಿಯಲ್ಲಿ ಬಿಟ್ಟುಹೋದಳು.
ತುಂಹಾದಲ್ಲಿ ಅಕ್ಕನ ಮನೆಯಲ್ಲಿದ್ದಾಳೆ.
ನಾಯಿಯನ್ನೂ ಕರೆದುಕೊಂಡು ಹೋದಳು."
ಇಡೀ ಇಡೀ ವಾಕ್ಯಗಳು.
ಒಂದೂ ತುಂಡಾಗಲಿಲ್ಲ.

ಇದು ಆಗಸ್ಟ್. ಎಪ್ಪತ್ತೆಂಟು ಭಾನುವಾರ
ಈ ಮನುಷ್ಯನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹತ್ತಿದ್ದೇನೆ,
ಗಾಳಿಗೆ ಅವನ ಬೆನ್ನನ್ನೇ ಅಡ್ಡ ಹಿಡಿದು.

ವಾಚು ಕಿರುಚಿತು. ನೂರ ಮೂವತ್ತೆಂಟು.
ರಸ್ತೆ ಅಲ್ಲಿ ಸಪಾಟು, ಇಡೀ ದಾರಿಯಲ್ಲಿ ಅದೊಂದೇ ಕಡೆ.
ಗೇರು ಇಳಿಸಿದೆ. ನೂರ ನಲವತ್ತು.
ಇಳಿಸಲು ಇನ್ನು ಗೇರಿರಲಿಲ್ಲ.
"ನಿಲ್ಲೋಣವಾ?" ಎಂದ, ನನ್ನ ಮಣಿಕಟ್ಟು ನೋಡಿ ಹೆದರಿ,
ನನ್ನ ಎದೆಗೆ!
"ಬೇಡ. ನೀನು ಹೇಳು."

ಹೇಳಿದ. ಉಳಿದ ಏರಿನುದ್ದಕ್ಕೂ ಹೇಳಿದ.
ನಾಯಿಯ ಹೆಸರು ಕನೇಲಾ ಅಂತ ನನಗೆ ಗೊತ್ತಾದದ್ದು
ಕೊನೆಯ ಸೇತುವೆಯ ಹತ್ತಿರ.

ಟೋಲ್ ಗೇಟಿನ ಪಕ್ಕದ ಡಬ್ಬದಂಗಡಿಯಲ್ಲಿ ಎದೆಲ್ಮಿರಾ
ಬೆಲ್ಲದ ನೀರು ಕುದಿಸುತ್ತಾಳೆ, ಚೀಸಿನ ತುಂಡು ಮುಳುಗಿಸಿ ಕೊಡುತ್ತಾಳೆ.
"ಐವತ್ತೆರಡು ನಿಮಿಷ! ಪಿಯಾನೋ ಹೊತ್ತುಕೊಂಡು ಬಂದಿರಾ?"
ಯಾರೂ ಉತ್ತರಿಸಲಿಲ್ಲ. ಬಿಸಿ ಕಪ್ಪಿನ ಸುತ್ತ
ಗವಸಿನ ತೂತಿನಿಂದ ಅವನ ಹೆಬ್ಬೆರಳು ಕೆಂಪಗೆ ಇಣುಕಿತ್ತು.

ನನ್ನ ಅಂಕಿ ಆಗಲೇ ತೊಂಬತ್ತಕ್ಕೆ ಬಂದಿತ್ತು.
ಬೇಗ ಇಳಿಯುವುದು ಗಟ್ಟಿ ಎದೆಯ ಗುರುತಂತೆ,
ಡಾಕ್ಟರಮ್ಮನಿಗೆ ಖುಷಿಯಾದೀತು.
ನನಗೆ ಯಾಕೋ ನಾಚಿಕೆಯಾಯಿತು.
ಇನ್ನೊಂದು ಕಪ್ಪು ಹೇಳಿದೆ, ಇಬ್ಬರಿಗೂ.